ದೌಲಪ್ಪ ಮಾಸ್ತರ ಇನ್ನಿಲ್ಲ

'ತೀರಿಕೊಂಡರು' ತೀರ ಸಪ್ಪೆ. 'ಲಿಂಗೈಕ್ಯರಾದರು' ಎಂದರೆ ಜಾತಿ ಹೇಳಿದಂತಾಗುತ್ತದೆ. 'ನಮ್ಮನ್ನಗಲಿದರು' ಎಂದು ಎಲ್ಲರೂ ಬರೆಯುತ್ತಾರೆ. ಚಂದ್ರಶಾ ಮೂರನ್ನೂ ಅಳಿಸಿ 'ದೌಲಪ್ಪ ಮಾಸ್ತರ ಇನ್ನಿಲ್ಲ' ಎಂದು ಬರೆದ. ಮುಂದೆ ಒಂದು ಚುಕ್ಕಿ ಇಡಬೇಕೋ ಮೂರು ಇಡಬೇಕೋ ಎಂದು ಒಂದು ಗಳಿಗೆ ಯೋಚಿಸಿ ಮೂರು ಇಟ್ಟ.

ಬೆಳಗಿನ ಎಂಟು ಗಂಟೆ. ಕುಸನೂರಿನ ಬಾಡಿಗೆ ಮನೆ. ಒಳಗೆ ಹೆಂಡತಿ ಮಲ್ಲಿಕಾ ರೊಟ್ಟಿ ಬಡಿಯುವ ಸದ್ದು. ಅವನ ಮುಂದಿನ ಚಹಾ ಆರಿ ಕೆನೆಗಟ್ಟಿತ್ತು.

ಅರ್ಧ ಗಂಟೆಯ ಹಿಂದೆ ಕಮಲಾಪುರ ಹೈಸ್ಕೂಲಿನ ಹಳೆಯ ವಿದ್ಯಾರ್ಥಿಗಳ ಗ್ರೂಪಿನಲ್ಲಿ ಫುರ್ಕಾನ್ ಒಂದು ಫೋಟೊ ಹಾಕಿದ್ದ. ದೌಲಪ್ಪ ಮಾಸ್ತರರ ಮುಖ, ಸುತ್ತ ಹೂವಿನ ಚೌಕಟ್ಟು, ಕೆಳಗೆ ಉರಿಯುವ ಎರಡು ದೀಪ. ಹತ್ತು ನಿಮಿಷದಲ್ಲಿ ಅರವತ್ತು ಜೋಡಿ ಕೈಗಳು ಮುಗಿದಿದ್ದವು. ಎಲ್ಲ ಒಂದೇ ಬಣ್ಣದ, ಒಂದೇ ಅಳತೆಯ ಕೈಗಳು.

ಚಂದ್ರಶಾನಿಗೆ ದುಃಖವಾಯಿತೇ? ಅವನು ತನ್ನನ್ನು ಪರೀಕ್ಷಿಸಿಕೊಂಡ. ಎದೆಯಲ್ಲಿ ಏನೋ ಅಲುಗಿದ್ದು ಸುಳ್ಳಲ್ಲ. ಆದರೆ ಅಲುಗಿದ್ದು ಅಲುಗುವ ಮೊದಲೇ ವಾಕ್ಯವಾಗಿತ್ತು. ಅದು ಒಳ್ಳೆಯ ವಾಕ್ಯವಾಗಿತ್ತು. ಅದನ್ನು ಕಳೆದುಕೊಳ್ಳಬಾರದೆಂದು ಬರೆಯಲು ಕುಳಿತಿದ್ದ.

ಬರೆಯುತ್ತ ಬರೆಯುತ್ತ ಕೈ ತಾನಾಗಿಯೇ ಓಡಿತು. ಬೇಸಿಗೆಯಲ್ಲಿ ದೂರದ ಹಳ್ಳಿಯಿಂದ ಬರಿಗಾಲಲ್ಲಿ ಸಾಲಿಗೆ ನಡೆದು ಬರುತ್ತಿದ್ದ ಹುಡುಗ. ಅವನ ಸುಟ್ಟ ಅಂಗಾಲು ನೋಡಿದ ಮಾಸ್ತರರು. ಅಲ್ಲೇ ತಮ್ಮ ಚಪ್ಪಲಿ ಬಿಚ್ಚಿ ಅವನ ಮುಂದಿಟ್ಟು, ತಾವು ಬಿಸಿಲಲ್ಲಿ ಬರಿಗಾಲಲ್ಲಿ ಮನೆಗೆ ಹೋದದ್ದು. 'ಒಂದು ದಿನವೂ ನಮ್ಮ ಮೇಲೆ ಕೈ ಎತ್ತಲಿಲ್ಲ. ಆ ಚಪ್ಪಲಿ ನನ್ನ ಕಾಲಿಗೆ ದೊಡ್ಡದಾಗಿತ್ತು. ಇವತ್ತಿಗೂ ದೊಡ್ಡದೇ ಇದೆ.' ಕೊನೆಯ ಸಾಲು ಬರೆದಾಗ ಅವನ ಕಣ್ಣು ತೇವವಾಯಿತು.

ಚಂದ್ರಶಾನ ಮನೆ ಸಾಲಿಯ ಗೋಡೆಗೆ ಹತ್ತಿಕೊಂಡೇ ಇತ್ತು. ಗಂಟೆ ಬಾರಿಸಿದ ಮೇಲೆ ಹಾಸಿಗೆಯಿಂದ ಎದ್ದು ಹೋಗುತ್ತಿದ್ದ. ಚಪ್ಪಲಿಗೇನೂ ಕೊರತೆ ಇರಲಿಲ್ಲ.

ನಿಜವಾಗಿ ನಡೆದದ್ದು ಬೇರೆ. ಒಂಬತ್ತನೆಯ ಇಯತ್ತೆಯಲ್ಲಿ 'ನನ್ನ ತಾಯಿ' ಎಂಬ ನಿಬಂಧವನ್ನು ಗೈಡಿನಿಂದ ನಕಲು ಹೊಡೆದಿದ್ದ. ಮಾಸ್ತರರು ಅದನ್ನು ಇಡೀ ವರ್ಗಕ್ಕೆ ಓದಿ ಹೇಳಿದರು. ಓದಿ ಮುಗಿಸಿ, "ಚೊಲೋ ಅದ. ಆದ್ರ ಇದು ಯಾರ ಅವ್ವೋ, ಚಂದ್ರ್ಯಾ?" ಎಂದರು. ಎರಡು ಏಟು ಬಿದ್ದಿದ್ದವು. ಅವರಿಬ್ಬರ ನಡುವೆ ನಡೆದದ್ದು ಅಷ್ಟೇ. ಸತ್ತವರ ಬಗ್ಗೆ ಹಾಗೆಲ್ಲ ಬರೆಯಲಾಗುವುದಿಲ್ಲ.

ಪೋಸ್ಟ್ ಹಾಕಿ ಸ್ನಾನಕ್ಕೆ ಹೋದ. ತಲೆ ಒರೆಸಿಕೊಳ್ಳುತ್ತ ಬಂದು ನೋಡಿದರೆ ಇನ್ನೂರು ಜನ ನೋವುಂಡಿದ್ದರು.

*

ಹನ್ನೊಂದು ವರ್ಷದಿಂದ ಚಂದ್ರಶಾ ಆ ಕಾಲೇಜಿಗೆ ಅತಿಥಿ. ಅತಿಥಿ ಉಪನ್ಯಾಸಕ ಎಂದು ಪೂರ್ತಿ ಹೇಳುವವರು ಕಡಿಮೆ. ಪತ್ರಿಕೋದ್ಯಮ ಅವನ ವಿಷಯ. ಇವತ್ತಿನ ಪಾಠ 'ನವಮಾಧ್ಯಮ: ಸ್ವರೂಪ ಮತ್ತು ಪರಿಣಾಮ'. ಬೋರ್ಡಿನ ಮೇಲೆ ಮೂರು ಪ್ರಶ್ನೆ ಬರೆದ. ಸುದ್ದಿಯ ಮೂಲ ಯಾವುದು? ಕಣ್ಣಾರೆ ಕಂಡವರು ಯಾರು? ಹೇಳುವವನಿಗೆ ಸಿಗುವುದೇನು? ವರ್ಷವರ್ಷವೂ ಇವೇ ಮೂರು.

ಮೋಮಿನಪುರದಿಂದ ಬರುವ ಫರ್ಹೀನ್ ಕೈ ಎತ್ತಿದಳು. ಪ್ರಶ್ನೆ ಕೇಳುವ ಹುಡುಗಿ.

"ಸರ್, ಮುಂಜಾನೆ ನಿಮ್ದು ಓದ್ದೆರಿ. ಚಪ್ಪಲ್ ಮಾತಿಗೆ ಅಳು ಬಂತರಿ. ಅಮ್ಮೀಗೂ ಓದಿ ಹೇಳ್ದೆ. ಆಕೀನೂ ಅತ್ತಳು."

"ಹೂಂ."

"ಅಂಥವ್ರು ಖರೇನೇ ಇರ್ತಾರೇನ್ರಿ ಸರ್?"

ಅವಳ ಕಣ್ಣಲ್ಲಿ ಸಂಶಯವಿರಲಿಲ್ಲ. ಅದೇ ಅವನಿಗೆ ಸಹಿಸಲಾಗಲಿಲ್ಲ. "ಪಾಠಕ್ಕ ಬರೋಣು," ಎಂದು ಬೋರ್ಡಿನ ಕಡೆ ತಿರುಗಿದ. ಬೆನ್ನ ಹಿಂದೆ ಯಾರೋ ಚಪ್ಪಾಳೆ ತಟ್ಟಿದರು. ಒಬ್ಬರು ತಟ್ಟಿದ ಮೇಲೆ ಎಲ್ಲರೂ ತಟ್ಟಬೇಕಾಯಿತು.

ಹನ್ನೊಂದು ವರ್ಷ ಅವನ ಹೆಸರನ್ನು 'ಚಂದ್ರಶೇಖರ' ಎಂದು ತಪ್ಪು ಕರೆಯುತ್ತಿದ್ದ ಪ್ರಾಂಶುಪಾಲರು ಇವತ್ತು ಸ್ಟಾಫ್ ರೂಮಿಗೆ ತಾವೇ ಬಂದು ಸರಿಯಾಗಿ ಕರೆದರು. ಅರ್ಧ ದಿನದ ರಜೆ ಕೇಳದೆಯೇ ಸಿಕ್ಕಿತು. "ಹೋಗಿ ಬರ್ರಿ. ಗುರುವಿನ ಋಣ," ಎಂದರು.

ಹೋಗುವ ಯೋಚನೆ ಅವನಿಗೆ ಇರಲಿಲ್ಲ. ಮಾಸ್ತರರನ್ನು ನೋಡಿ ಒಂಬತ್ತು ವರ್ಷವಾಗಿತ್ತು. ತಂದೆ ತಾಯಿ ಹೋದ ಮೇಲೆ ಮನೆ ಮಾರಿ ಕಮಲಾಪುರದ ಲೆಕ್ಕ ಮುಗಿದಿತ್ತು. ಆದರೆ ಅಂಥದ್ದನ್ನು ಬರೆದವನು ಹೋಗದಿದ್ದರೆ ಹೇಗೆ? ಬರೆದದ್ದು ಅವನನ್ನು ಕುತ್ತಿಗೆ ಹಿಡಿದು ಬಸ್ ನಿಲ್ದಾಣಕ್ಕೆ ನೂಕಿತು.

ಸೂಪರ್ ಮಾರ್ಕೆಟ್ ಎಂಬ ಪೇಟೆಯಲ್ಲಿ ಸೇವಂತಿಗೆಯ ದಪ್ಪ ಹಾರ ಕೊಂಡ. ಹೂವಿನವಳು ಕೇಳಿದಳು: "ಮದವಿಗೇನ್ರಿ, ಮಣ್ಣಿಗೇನ್ರಿ?" ಅವನು ಉತ್ತರಿಸುವ ಮೊದಲೇ ಅವನ ಮುಖ ನೋಡಿ, "ಎರಡಕ್ಕೂ ಒಂದೇರಿ," ಎಂದು ಚೀಲದಲ್ಲಿ ಹಾಕಿಕೊಟ್ಟಳು.

*

ಹುಮನಾಬಾದ್ ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಪಕ್ಕದವನು ಫೋನಿನಲ್ಲಿ ಹದಿನೈದು ಸೆಕೆಂಡಿಗೊಮ್ಮೆ ನಗುತ್ತಿದ್ದ. ಹೊರಗೆ ಕಪ್ಪು ನೆಲ, ಕಡ್ಡಿಯಂತೆ ನಿಂತ ತೊಗರಿ. ಚಂದ್ರಶಾ ಯಾವುದನ್ನೂ ನೋಡಲಿಲ್ಲ; ಪೋಸ್ಟಿನ ಲೆಕ್ಕ ನೋಡುತ್ತಿದ್ದ. ಎರಡು ಸಾವಿರದ ನೂರು. ಎರಡು ಸಾವಿರದ ನೂರ ನಲವತ್ತು. ಯಾರೋ ಮೈಸೂರಿನವರು ಬರೆದಿದ್ದರು: 'ಇಂಥ ಗುರು ನನಗೆ ಸಿಗಲಿಲ್ಲ, ನಿಮ್ಮ ಮೂಲಕ ಸಿಕ್ಕರು.'

ಮಲ್ಲಿಕಾಳ ಮೆಸೇಜು ನಡುವೆ ಬಂತು. 'ಚಪ್ಪಲ್ ಕಥಿ ನನಗ ಎಂದೂ ಹೇಳೇ ಇಲ್ಲಲ್ಲ?'

'ಎಲ್ಲಾನೂ ಹೇಳ್ಲಾಕ ಆಗ್ತದೇನು' ಎಂದು ಬರೆದ.

ಅವಳು ಒಂದು ಹೆಬ್ಬೆಟ್ಟು ಕಳಿಸಿದಳು. ಅವರ ನಡುವೆ ಇತ್ತೀಚೆಗೆ ಬಹಳ ಮಾತು ಹೆಬ್ಬೆಟ್ಟಿನಲ್ಲೇ ಮುಗಿಯುತ್ತಿತ್ತು.

ಮಹಾಗಾಂವ ಕ್ರಾಸ್ ದಾಟಿದಾಗ ಪೋಸ್ಟಿನ ಕೆಳಗೆ ಹೊಸ ಮಾತೊಂದು ಕಾಣಿಸಿತು. ಬರೆದವನು ವಹಾಬ್. ಅವನ ಜೊತೆಯೇ ಓದಿದವನು, ಈಗ ಕಮಲಾಪುರದಲ್ಲಿ ಚಹಾದ ಹೋಟೆಲು ಇಟ್ಟಿದ್ದಾನೆ. 'ಯಾರ್ ಹೇಳ್ಯಾರ ನಿಮಗ? ಮಾಸ್ತರ್ ನಿನ್ನಿ ಸಂಜೀಕ ನನ್ನ ಹೋಟೆಲಿನ್ಯಾಗ ಚಾ ಕುಡ್ದು ಹೋಗ್ಯಾರ.'

ಚಂದ್ರಶಾ ಎರಡು ಸಲ ಓದಿದ. ನಿನ್ನೆ ಸಂಜೆ ಚಹಾ ಕುಡಿದವರು ರಾತ್ರಿ ಸಾಯಬಾರದೆಂದೇನೂ ಇಲ್ಲ. ತರ್ಕ ಗಟ್ಟಿಯಾಗಿತ್ತು. ವಹಾಬನ ನಂಬರು ಅವನ ಬಳಿ ಇತ್ತು. ಒಂದು ಫೋನು ಮಾಡಿದರೆ ಮುಗಿಯುತ್ತಿತ್ತು. ಬಸ್ಸಿನಲ್ಲಿ ಗದ್ದಲ, ಕೇಳಿಸುವುದಿಲ್ಲ ಎಂದುಕೊಂಡ. ಬೆರಳು ಆ ಮಾತಿನ ಮೇಲೆ ಒತ್ತಿ ನಿಂತಿತು. ಅಳಿಸಬೇಕೇ ಎಂದು ಫೋನು ಕೇಳಿತು. ಹೌದು ಎಂದ.

ಕಮಲಾಪುರದವರೆಗೂ ಅವನು ಮತ್ತೆ ಫೋನು ನೋಡಲಿಲ್ಲ.

*

ಮಾಸ್ತರರ ಮನೆ ಮುಂದೆ ಶಾಮಿಯಾನ ಇರಲಿಲ್ಲ. ಕುರ್ಚಿ ಇರಲಿಲ್ಲ. ಅಳು ಇರಲಿಲ್ಲ. ಬಾಗಿಲ ಪಕ್ಕದ ಕಟ್ಟೆಯ ಮೇಲೆ ಬನಿಯನ್ನು ತೊಟ್ಟ ದೌಲಪ್ಪ ಮಾಸ್ತರರು ಮೊರದಲ್ಲಿ ತೊಗರಿಬೇಳೆ ಹಾಕಿಕೊಂಡು ಹರಳು ಆರಿಸುತ್ತಿದ್ದರು.

ಚಂದ್ರಶಾನೊಳಗೆ ಮೊದಲು ಹುಟ್ಟಿದ ಮಾತು 'ಅಯ್ಯೋ'. ಅದು ಯಾವ ಬಗೆಯ 'ಅಯ್ಯೋ' ಎಂದು ಅವನಿಗೆ ತಕ್ಷಣ ಗೊತ್ತಾಯಿತು. ಗೊತ್ತಾದದ್ದಕ್ಕೆ ಬೆವರಿದ. ಯಾರೋ ತನ್ನ ಕೈಯಲ್ಲಿದ್ದದ್ದನ್ನು ಕಸಿದುಕೊಂಡಂತೆ, ಹಾಡಹಗಲೇ, ನಡುಬೀದಿಯಲ್ಲಿ.

"ಯಾರದು? ಚಂದ್ರ್ಯಾ ಏನೋ?" ಮಾಸ್ತರರು ಕಣ್ಣ ಮೇಲೆ ಕೈ ಅಡ್ಡ ಹಿಡಿದರು. "ಬಾ, ಬಾ. ಕೈಯಾಗ ಏನದು?"

"ಏನಿಲ್ರಿ ಸರ್."

"ಹಾರ ಏನು?"

ಅವನು ಚೀಲವನ್ನು ಬೆನ್ನ ಹಿಂದೆ ಸರಿಸಿದ. ಮಾಸ್ತರರು ನಕ್ಕರು. ಮುಂದಿನ ಹಲ್ಲು ಎರಡೇ ಉಳಿದಿದ್ದವು.

ಮಗಳು ಗುರುದೇವಿ ಹೊರಗೆ ಬಂದಳು. ಗಂಡ ಹೋದ ಮೇಲೆ ತಂದೆಯ ಹತ್ತಿರವೇ ಇದ್ದಾಳೆ, ಅಂಗನವಾಡಿಯಲ್ಲಿ ಕೆಲಸ. ಸಾಲಿಯಲ್ಲಿ ಚಂದ್ರಶಾನಿಗಿಂತ ಎರಡು ವರ್ಗ ಕೆಳಗಿದ್ದವಳು.

"ನೀವೂ ಬಂದ್ರೇನಣ್ಣಾ?" ಎಂದಳು. ಧ್ವನಿ ದಣಿದಿತ್ತು. "ಮುಂಜಾನಿಂದ ಫೋನ್ ಎತ್ತಿ ಎತ್ತಿ ನನ್ನ ಕಿವಿ ಕಾದು ಹೋಗ್ಯಾವ. ಸತ್ತವ್ರು ಆಳಂದದ ದೌಲಪ್ಪ, ಡ್ರಿಲ್ ಮಾಸ್ತರ. ಹೆಸರು ಒಂದೇ ಅಂತ ಇವರ ಫೋಟೊ ಹಾಕಿಬಿಟ್ಟಾರ. ಹಾಕೋಕಿಂತ ಮೊದಲ ಒಂದ್ ಮಾತು ಕೇಳಬಾರದೇನು?"

"ನಾ ಅಲ್ಲ. ಫುರ್ಕಾನ್ ಹಾಕಿದ್ದು," ಎಂದ ಚಂದ್ರಶಾ.

"ಆದ್ರ ಅಳು ಬಂದಿದ್ದು ನಿಮ್ಮ ಬರಹಕ್ಕಂತ. ಎಲ್ಲಾರೂ ಅದನ್ನೇ ಅಂತಾರ."

ಅವಳು ಅವನ ಕೈಯಿಂದ ಚೀಲ ತೆಗೆದುಕೊಂಡು ಹಿತ್ತಲಿಗೆ ನಡೆದಳು. ಕಟ್ಟಿದ್ದ ಆಡಿನ ಮುಂದೆ ಹಾರ ಬಿತ್ತು. ಆಡು ಮೂಸಿ ನೋಡಿ ತಿನ್ನತೊಡಗಿತು.

ಮಾಸ್ತರರು ಮೊರ ಪಕ್ಕಕ್ಕಿಟ್ಟು ಅವನನ್ನು ಹತ್ತಿರ ಕೂಡಿಸಿಕೊಂಡರು. "ಗುರುದೇವಿ ಮೂರು ಸಲ ಓದಿ ಹೇಳ್ಯಾಳ. ಚೊಲೋ ಬರದೀ."

"ಸರ್, ಅಳಿಸಿಬಿಡ್ತೀನ್ರಿ. ಈಗೇ ಅಳಿಸ್ತೀನಿ."

"ಯಾಕ?"

"ಅಲ್ರಿ, ನೀವು..."

"ನಾ ಅದೀನಿ ಅಂತ ಅಳಿಸ್ತೀ?" ಮಾಸ್ತರರು ಬೀದಿ ನೋಡುತ್ತ ಹೇಳಿದರು. "ನಿಮ್ಮ ಮನಿ ಸಾಲಿ ಹಿಂದೇ ಇತ್ತಲ್ಲ?"

ಚಂದ್ರಶಾ ನೆಲ ನೋಡಿದ. "ಹೌದ್ರಿ."

"ಹಂಗೇ ಅಂದ್ಕೊಂಡೆ. ಆದ್ರೂ ನೋಡು, ಚಪ್ಪಲ್ ಕೊಟ್ಟಿದ್ದು ನನಗ ನೆನಪದ. ಮೊದಲ ಇರಲಿಲ್ಲ. ಆಕಿ ಓದಿದ ಮ್ಯಾಲೆ ನೆನಪಾತು. ಕೊಲ್ಹಾಪುರಿ. ಎಡಗಾಲಿಂದು ಉಂಗುಟ ಕಿತ್ತಿತ್ತು, ತಂತಿ ಹಾಕಿದ್ದೆ. ನಿನಗ ಚುಚ್ಚಲಿಲ್ಲೇನು?"

ಅವರು ತಮಾಷೆ ಮಾಡುತ್ತಿದ್ದಾರೆಯೇ ಎಂದು ಅವನು ಮುಖ ನೋಡಿದ. ಮುಖದಲ್ಲಿ ತಮಾಷೆ ಇರಲಿಲ್ಲ. ತಂತಿ ಚುಚ್ಚಿತೋ ಇಲ್ಲವೋ ಎಂಬ ಕಳವಳ ಮಾತ್ರ ಇತ್ತು.

"ಇಲ್ರಿ," ಎಂದ. "ಚುಚ್ಚಲಿಲ್ಲ."

ಕೇಳಬಾರದೆಂದು ಗೊತ್ತಿದ್ದೂ ಕೇಳಿದ. "ಸರ್, 'ನನ್ನ ತಾಯಿ' ನಿಬಂಧ ನೆನಪದೇನ್ರಿ? ನನಗ ಹೊಡ್ದಿದ್ರಿ."

"ಹೊಡ್ದಿದ್ನಾ?" ಮಾಸ್ತರರಿಗೆ ನೋವಾದಂತೆ ಕಂಡಿತು. "ನಾ ಯಾರಿಗೂ ಹೊಡ್ದವನಲ್ಲೋ. ನೀನೇ ಬರದೀಯಲ್ಲ, ಒಂದ್ ದಿನಾನೂ ಕೈ ಎತ್ತಲಿಲ್ಲ ಅಂತ."

ಚಂದ್ರಶಾನ ಹತ್ತಿರ ನಿಜವಾದದ್ದು ಎಂಬುದು ಒಂದೇ ಇತ್ತು. ಅದಕ್ಕೂ ಈಗ ಸಾಕ್ಷಿ ಉಳಿಯಲಿಲ್ಲ.

*

ಅವನು ಹೊರಡಲು ಎದ್ದಾಗ ಮಾಸ್ತರರು ಕೈ ಹಿಡಿದರು. ಹಿಡಿತ ಬಿಗಿಯಾಗಿತ್ತು.

"ಸಂಜೀತನಕ ಇರು. ಅಲ್ಲೀತನಕ ಅದನ್ನ ಅಳಿಸಬ್ಯಾಡ. ರೇವಣಪ್ಪ ಬರ್ತಾನ."

ರೇವಣಪ್ಪ ಅವರ ತಮ್ಮ. ಮಹಾಗಾಂವದಲ್ಲಿ ಹೊಲ ಮಾಡಿಕೊಂಡಿದ್ದಾನೆ. ಹನ್ನೆರಡು ವರ್ಷದ ಹಿಂದೆ ತಾಯಿ ತೀರಿದಾಗ ಮಾಸ್ತರರು ಬೀದರಿನಲ್ಲಿ ಚುನಾವಣೆಯ ಕೆಲಸದಲ್ಲಿದ್ದರು. ಇವರು ಬಂದು ಮುಟ್ಟುವುದರೊಳಗೆ ರೇವಣಪ್ಪ ಮಣ್ಣು ಕೊಟ್ಟು ಮುಗಿಸಿದ್ದ. ಕಾಯಬಹುದಿತ್ತು, ಕಾಯಲಿಲ್ಲ. ಆ ದಿನದಿಂದ ಅಣ್ಣ ತಮ್ಮಂದಿರಿಗೆ ಮಾತಿಲ್ಲ. ಎರಡು ಊರಿನ ನಡುವೆ ಬಸ್ಸಿನಲ್ಲಿ ಅರ್ಧ ತಾಸಿನ ದಾರಿ.

"ಮಧ್ಯಾಹ್ನ ಕಾಕಾನ ಫೋನ್ ಬಂತು," ಎಂದಳು ಗುರುದೇವಿ. "ಯಾರೋ ನಿಮ್ಮ ಬರಹ ಓದಿ ಹೇಳ್ಯಾರ. ಸಣ್ಣ ಕೂಸಿನಂಗ ಅಳ್ಲಾಕತ್ತಿದ್ದ. ಅಪ್ಪ ಅದಾನ ಅಂತ ಹೇಳ್ಬೇಕಂದ್ರ ಇವರು ಬಾಯಿ ಮ್ಯಾಲೆ ಬೆರಳಿಟ್ಟು ಸನ್ನಿ ಮಾಡಿದ್ರು. ನಾ ಏನ್ ಮಾಡ್ಲಿ?"

"ಅದೀನಿ ಅಂತ ಗೊತ್ತಾದ್ರ ಬರೂದಿಲ್ಲ ಅವ," ಎಂದರು ಮಾಸ್ತರರು. "ಬರ್ಲಿ. ಬಂದ ಮ್ಯಾಲೆ ಹ್ಯಾಂಗೂ ಗೊತ್ತಾಗ್ತದ."

ಚಂದ್ರಶಾ ಮತ್ತೆ ಕುಳಿತ. ಅವನೀಗ ಸುಳ್ಳು ಉಳಿಸಿಕೊಳ್ಳುತ್ತಿಲ್ಲ, ಗುರುವಿನ ಮಾತು ನಡೆಸುತ್ತಿದ್ದಾನೆ. ಫೋನು ತೆಗೆದು ನೋಡಿದ. ಮೂರು ಸಾವಿರದ ಐನೂರು.

ಅಷ್ಟರಲ್ಲಿ ಫುರ್ಕಾನ್ ಫೋನು ಮಾಡಿದ. "ಎಲ್ಲಿ ಅದೀ? ಮನಿ ಮುಂದೇ ಅದೀಯಲ್ಲ? ಒಂದೈದು ಮಿನಿಟು ಲೈವ್ ಕೊಡು ಭಾಯ್. ದುಬೈದಾಗ ಇದ್ದವ್ರು, ಪುಣೇದಾಗ ಇದ್ದವ್ರು ಕೊನಿ ದರ್ಶನ ಕೇಳ್ಲಾಕತ್ತಾರ."

ಈಗ ಹೇಳಬೇಕು. ಒಂದೇ ವಾಕ್ಯ.

"ನೋಡ್ತೀನಿ," ಎಂದ ಚಂದ್ರಶಾ.

"ನೋಡ್ತೀನಿ ಅಲ್ಲ. ನೀ ಕೊಟ್ರೇ ಚಂದ."

*

ಐದೂವರೆಗೆ ಓಣಿಯ ತುದಿಯಲ್ಲಿ ಟೆಂಪೊ ನಿಂತ ಸದ್ದಾಯಿತು. ಹೆಂಗಸರ ಅಳು ಟೆಂಪೊಗಿಂತ ಮೊದಲು ಓಣಿಗೆ ಬಂತು.

ಮಾಸ್ತರರು ಎದ್ದು ಒಳಗೆ ಹೋದರು. ಚಂದ್ರಶಾ ಹಿಂದೆಯೇ ಹೋದ. ಅವರು ದೇವರ ಮಾಡದಿಂದ ವಿಭೂತಿ ತೆಗೆದು ಹಣೆಗೆ ದಪ್ಪಗೆ ಎಳೆದುಕೊಂಡರು. ಬಿಳಿ ಶಲ್ಯ ಹೊದ್ದು, ನಡುಮನೆಯ ಗೋಡೆಗೆ ಬೆನ್ನು ಕೊಟ್ಟು, ಕಾಲು ಮಡಚಿ ಕುಳಿತರು. ಅವರಲ್ಲಿ ಹೆಣವನ್ನು ಕೂಡಿಸುವುದು ಹಾಗೆಯೇ.

"ಅಪ್ಪಾ," ಎಂದಳು ಗುರುದೇವಿ. "ಏನಿದು? ಹಂಗ ಕುಂದರಬ್ಯಾಡ. ಜೀವಂತ ಇದ್ದವ್ರು ಹಂಗ ಕುಂದರಬಾರದು."

"ಸುಮ್ಮ ಇರವ್ವಾ. ಒಂದೇ ಮಾತು ಕೇಳ್ತೀನಿ. ಅವ ಏನಂತಾನ ಅಂತ. ಆಮ್ಯಾಲೆ ಏಳ್ತೀನಿ."

ಕಣ್ಣು ಮುಚ್ಚಿದರು.

ಚಂದ್ರಶಾ ತಡೆಯಬಹುದಿತ್ತು. ಬಾಗಿಲಿಗೆ ಹೋಗಿ ರೇವಣಪ್ಪನಿಗೆ ಹೇಳಬಹುದಿತ್ತು. ಹೇಳಬಹುದಾದ ಮಾತುಗಳು ಇವತ್ತು ಬಹಳ ಇದ್ದವು. ಅವನು ಗೋಡೆಯ ಮೂಲೆಗೆ ಸರಿದು ದಾರಿ ಬಿಟ್ಟ. ಓಣಿಯವರಿಗೆಲ್ಲ ವಿಷಯ ಗೊತ್ತಿತ್ತು; ಮಧ್ಯಾಹ್ನವೇ ಬಂದು ಮಾಸ್ತರರನ್ನು ಮಾತಾಡಿಸಿ ಹೋಗಿದ್ದರು. ಅವರೂ ಈಗ ಬಾಗಿಲಲ್ಲಿ, ಕಿಟಕಿಯಲ್ಲಿ ನಿಂತಿದ್ದರು. ಯಾರೂ ಏನೂ ಹೇಳಲಿಲ್ಲ. ಕೆಲವರ ಫೋನು ಆಗಲೇ ಎದ್ದಿದ್ದವು.

ರೇವಣಪ್ಪ ಒಳಗೆ ಬಂದ. ಎತ್ತರದ ಆಳು, ಅರವತ್ತು ದಾಟಿದವನು, ಧೋತರದ ಅಂಚಿಗೆ ಹೊಲದ ಮಣ್ಣು. ಹೊಸ್ತಿಲಲ್ಲಿ ಒಮ್ಮೆ ನಿಂತ. ಆಮೇಲೆ ನೆಟ್ಟಗೆ ಬಂದು ಮೊಣಕಾಲೂರಿದ. ಅಣ್ಣನ ಪಾದ ಎರಡೂ ಕೈಯಲ್ಲಿ ಹಿಡಿದು ಹಣೆ ಇಟ್ಟ.

"ಅಣ್ಣಾ... ಅವ್ವನ ಮಾರಿ ನಿನಗ ತೋರಿಸಲಿಲ್ಲೋ. ಸಿಟ್ಟಿತ್ತು ನಿನ್ನ ಮ್ಯಾಲೆ. ಬೇಕಂತೇ ಕಾಯಲಿಲ್ಲ. ಬೇಕಂತೇ..."

ಇದೇ ಆ ಮಾತು. ಹನ್ನೆರಡು ವರ್ಷ ಕಾದದ್ದು ಇದಕ್ಕೇ. ಈಗ ಮಾಸ್ತರರು ಕಣ್ಣು ತೆರೆಯುತ್ತಾರೆ ಎಂದು ಎಲ್ಲರೂ ನೋಡಿದರು.

ತೆರೆಯಲಿಲ್ಲ.

ಇನ್ನೂ ಸ್ವಲ್ಪ ಕೇಳಬೇಕೆಂದಿರಬಹುದು. ಹನ್ನೆರಡು ವರ್ಷದ ಬಾಕಿಗೆ ಒಂದು ಮಾತು ಸಾಲದೆಂದಿರಬಹುದು. ರೇವಣಪ್ಪ ಅಳುತ್ತಲೇ ಇದ್ದ. ಅವನ ಭುಜ ಏರಿ ಇಳಿಯುತ್ತಿತ್ತು, ಅದರ ಜೊತೆ ಮಾಸ್ತರರ ಪಾದವೂ ಅಲುಗುತ್ತಿತ್ತು. ಅಲುಗಿಸುವವನು ಅವನೋ, ಅಲುಗುವವರು ಇವರೋ ತಿಳಿಯುವಂತಿರಲಿಲ್ಲ.

"ಅಪ್ಪಾ," ಎಂದಳು ಗುರುದೇವಿ ಮೆಲ್ಲಗೆ. "ಸಾಕಪ್ಪಾ. ಕಣ್ಣು ತೆರಿ."

ಬಾಗಿಲಲ್ಲಿದ್ದ ಯಾರೋ ಕಿಸಕ್ಕೆಂದು ನಕ್ಕು ಸುಮ್ಮನಾದರು.

"ಅಪ್ಪಾ!"

ಚಂದ್ರಶಾನ ಕೈಯಲ್ಲಿ ಫೋನು ಇತ್ತು. ಅದು ಯಾವಾಗ ಕೈಗೆ ಬಂತು, ಲೈವ್ ಗುಂಡಿ ಯಾವಾಗ ಒತ್ತಿದ, ಅವನಿಗೆ ನೆನಪಾಗಲಿಲ್ಲ. ಮುನ್ನೂರ ಹನ್ನೆರಡು ಜನ ನೋಡುತ್ತಿದ್ದರು. ಮುಗಿದ ಕೈಗಳು ಕೆಳಗಿನಿಂದ ಗುಳ್ಳೆಗಳಂತೆ ಎದ್ದು ಮೇಲೆ ಹೋಗಿ ಮಾಯವಾಗುತ್ತಿದ್ದವು. ಮಾಸ್ತರರು ಅವನಿಂದ ನಾಲ್ಕು ಮೊಳ ದೂರದಲ್ಲಿದ್ದರು. ಕೈ ಇಳಿಸಿ ತಲೆ ಎತ್ತಿದ್ದರೆ ಕಾಣುತ್ತಿತ್ತು. ಎರಡು ಹೆಜ್ಜೆ ನಡೆದು ಮೂಗಿನ ಹತ್ತಿರ ಬೆರಳು ಹಿಡಿದಿದ್ದರೆ ತಿಳಿಯುತ್ತಿತ್ತು. ಅವನು ಫೋನನ್ನೇ ಕಣ್ಣಿನ ಹತ್ತಿರ ತಂದ. ಶಲ್ಯದ ಕೆಳಗೆ ಎದೆ ಅಲುಗುತ್ತಿದೆಯೇ ಎಂದು ಪರದೆಯಲ್ಲಿ ನೋಡಿದ. ಚಿತ್ರ ಅಲ್ಲಿಗೇ ನಿಂತುಬಿಟ್ಟಿತು. ವಿಭೂತಿಯ ಮೂರು ಗೆರೆ, ಮುಚ್ಚಿದ ಕಣ್ಣು, ಬಾಯಿ ತೆರೆದು ಅರ್ಧಕ್ಕೆ ನಿಂತ ಗುರುದೇವಿ. ಮಾಸ್ತರರ ಎದೆಯ ಸರಿಯಾಗಿ ನಡುವೆ ಒಂದು ಸಣ್ಣ ಬಿಳಿ ಚಕ್ರ ಹುಟ್ಟಿ, ಸದ್ದಿಲ್ಲದೆ, ತಿರುಗತೊಡಗಿತು.